ಗೌರವ್ವನಿಗೆ ಬಿಸಿಲು

ನಮ್ಮ ಮನೆಯ ಮುಂದಿನ ಅಂಗಳದಲ್ಲಿ ಒಂದು ಹಂಚಿದೆ. ಖಾನಾಪುರದ ಕೆಂಪು ಹಂಚು. ಅದರ ಬೆನ್ನ ಮೇಲೆ ನಾಯಿಮರಿಯ ಹೆಜ್ಜೆಯೊಂದು ಮೂಡಿದೆ. ಹಂಚು ಇನ್ನೂ ಹಸಿಯಾಗಿದ್ದಾಗ ಯಾವುದೋ ಮರಿ ಅದರ ಮೇಲೆ ಕಾಲಿಟ್ಟು ಓಡಿದೆ. ಆಮೇಲೆ ಹಂಚು ಭಟ್ಟಿಯಲ್ಲಿ ಬೆಂದು ಆ ಹೆಜ್ಜೆ ಐವತ್ತು ವರ್ಷದಿಂದ ಹಾಗೇ ಉಳಿದುಬಿಟ್ಟಿದೆ. ಈಗ ಆ ಹಂಚಿನ ನೆರಳಿನಲ್ಲಿ ಒಂದು ಆಮೆ ಮಲಗಿದೆ. ನಾನು ಅದನ್ನು ನೋಡುತ್ತ ಕುರ್ಚಿಯಲ್ಲಿ ಕೂತಿದ್ದೇನೆ. ನಿವೃತ್ತಿಯಾದ ಮೇಲೆ ಏನು ಮಾಡುತ್ತೀರಿ ಎಂದು ಹಳೆಯ ಸಹೋದ್ಯೋಗಿಗಳು ಕೇಳಿದರೆ 'ಆಮೆ ಕಾಯುತ್ತೇನೆ' ಎನ್ನಲು ನಾಚಿಕೆಯಾಗಿ, 'ಮನೆ, ದೇವರು, ಅಷ್ಟೇ' ಎನ್ನುತ್ತೇನೆ.

ಬೇಸರದಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಇದು ಬೇಸರವಲ್ಲ, ದಣಿವು. ಎರಡಕ್ಕೂ ಇರುವ ವ್ಯತ್ಯಾಸ ನನ್ನ ವಯಸ್ಸಿನ ಹೆಂಗಸರಿಗೆ ಚೆನ್ನಾಗಿ ಗೊತ್ತು. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಕಾಗುಣಿತ ತಿದ್ದಿದೆ. ಅದರಲ್ಲಿ ಕೊನೆಯ ಒಂಬತ್ತು ವರ್ಷ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯ ಸೇವೆ. ನಾನು ನಿವೃತ್ತಳಾದ ನಾಲ್ಕೇ ತಿಂಗಳಿಗೆ ಅತ್ತೆ ಲಿಂಗೈಕ್ಯರಾದರು. ಶಿವಗಣಾರಾಧನೆಯ ಊಟ ಮುಗಿದು ಬಂದವರೆಲ್ಲ ಹೋದ ಮೇಲೆ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ನಾನು ಅಂದುಕೊಂಡ ಮೊದಲ ಮಾತು, 'ಇನ್ನು ಯಾರ ಸೇವೆಯೂ ಬೇಡಪ್ಪ' ಎಂದು. ಪಾಪದ ಮಾತೇ. ಆದರೆ ಅಂದುಕೊಂಡದ್ದು ನಿಜ.

ಆಗಲೇ ಅತ್ತೆಯ ಕೋಣೆಯಿಂದ ಗುಳುಕ್ ಎಂದು ಸದ್ದು ಬಂತು. ಆಮೆಗಳನ್ನು ನಾನು ಮರೆತೇಬಿಟ್ಟಿದ್ದೆ.

ಈ ಆಮೆಗಳನ್ನು ತಂದವಳು ನನ್ನ ಮಗಳು. ಆರನೇ ಇಯತ್ತೆಯಲ್ಲಿದ್ದಾಗ ಬಜಾರಿನ ಮೀನಿನಂಗಡಿಯ ಮುಂದೆ ನಿಂತು ಅತ್ತು ಕರೆದು ಎರಡು ಮರಿ ಕೊಡಿಸಿಕೊಂಡಳು. ಆಗ ಅವು ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡವು. ಕಣ್ಣಿನ ಹಿಂದೆ ಕುಂಕುಮ ಹಚ್ಚಿದಂತೆ ಕೆಂಪು ಪಟ್ಟಿ. ಹೊರದೇಶದ ತಳಿಯಂತೆ, ಸಾಕಲು ಅಡ್ಡಿಯಿಲ್ಲ ಎಂದ ಅಂಗಡಿಯವನು. ಇಷ್ಟೇ ಇರುತ್ತವೆ, ಬೆಳೆಯುವುದಿಲ್ಲ ಎಂದೂ ಹೇಳಿದ. ನಾನು ಶಿಕ್ಷಕಿ, ಆದರೂ ನಂಬಿದೆ. ಮಗಳು ಲಗ್ನವಾಗಿ ಗದಗಕ್ಕೆ ಹೋಗುವ ಹೊತ್ತಿಗೆ ಅವು ಒಂದೊಂದೂ ಊಟದ ತಾಟಿನಷ್ಟಾಗಿದ್ದವು. ಮಕ್ಕಳು ಪ್ರಾಣಿ ತರುತ್ತಾರೆ, ಸಾಕುವವಳು ತಾಯಿ. ಇದು ಎಲ್ಲ ಮನೆಯ ಕಥೆ.

ಮಗಳು ಅವಕ್ಕೆ ಏನೋ ಇಂಗ್ಲಿಷ್ ಹೆಸರಿಟ್ಟಿದ್ದಳು. ಅತ್ತೆಯ ಬಾಯಲ್ಲಿ ಅವು ನಿಲ್ಲಲಿಲ್ಲ. ಗಂಗವ್ವ, ಗೌರವ್ವ ಎಂದು ಬದಲಾಯಿಸಿದರು. ಉಗುರು ಉದ್ದವಿದ್ದದ್ದು ಗಂಡು, ಅಂದರೆ ಗೌರವ್ವ ಗಂಡಸು ಎಂದು ಮಗಳು ಎಲ್ಲೋ ಓದಿಕೊಂಡು ಬಂದು ಹೇಳಿದಾಗ ಅತ್ತೆ, "ಇದ್ದೀತ ಬಿಡು, ಅದಕ್ಕ ಹೇಳಬ್ಯಾಡ. ಮನಸಿಗಿ ಹಚ್ಚಕೊಂಡೀತು" ಎಂದರು. ಗಾಜಿನ ಪೆಟ್ಟಿಗೆ ಅವರ ಮಂಚದ ಬಾಜುವಿಗೇ ಇತ್ತು. ದಿನವಿಡೀ ಅವುಗಳ ಜೊತೆ ಮಾತು. ನನ್ನ ಮೇಲಿನ ದೂರುಗಳೆಲ್ಲ ಮೊದಲು ಗೌರವ್ವನಿಗೆ ತಿಳಿಯುತ್ತಿದ್ದವು, ಆಮೇಲೆ ನನಗೆ. ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗ ಕಟ್ಟಿಕೊಂಡ ಜೀವ, ಆಮೆಗಳಿಗೆ ಹಾಕುವ ಕಾಳಿನ ವಾಸನೆಯಿಂದಲೇ ಅದರಲ್ಲಿ ಮೀನಿನ ಪುಡಿ ಇದೆ ಎಂದು ಊಹಿಸಿ, ನಾನು ಶಾಲೆಗೆ ಹೋದಾಗ ತಮ್ಮ ತಾಟಿನ ಜೋಳದ ರೊಟ್ಟಿಯ ಅಂಚು ಮುರಿದು ಹಾಕುತ್ತಿದ್ದರು. ಅದು ನನಗೆ ಗೊತ್ತಾದದ್ದು ವರ್ಷಗಳ ಮೇಲೆ.

ಅತ್ತೆ ಹೋದ ಮೂರನೆಯ ತಿಂಗಳು ಗೌರವ್ವ ಊಟ ಬಿಟ್ಟಳು. ಗಂಡು ಎಂದು ಗೊತ್ತಿದ್ದೂ 'ಬಿಟ್ಟಳು' ಎಂದೇ ನಮ್ಮ ಮನೆಯಲ್ಲಿ ಹೇಳುವುದು, ಇಲ್ಲೂ ಹಾಗೇ ಹೇಳುತ್ತೇನೆ. ನೀರು ಬದಲಿಸಲು ಎತ್ತಿದರೆ ಚಿಪ್ಪಿನ ಅಂಚು ಹೆಬ್ಬೆರಳಿನ ಕೆಳಗೆ ಹಸಿ ಹಪ್ಪಳದಂತೆ ಬಗ್ಗಿತು. ಬುಟ್ಟಿಯಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಹೋದೆ. ಅಲ್ಲಿ ಎಮ್ಮೆ, ಆಡುಗಳ ಸರತಿಯಲ್ಲಿ ನಾನೂ ನನ್ನ ಬುಟ್ಟಿಯೂ. "ಏನ್ ತಂದೀರಿ ಅಕ್ಕಾರ, ಕೋಳಿ ಏನ್?" ಎಂದು ಎಮ್ಮೆಯವನು ಕೇಳಿದ. ಬುಟ್ಟಿಯ ಮುಚ್ಚಳ ತೆರೆದು ತೋರಿಸಿದೆ. ಅವನು ಎಮ್ಮೆಯನ್ನು ಎರಡು ಹೆಜ್ಜೆ ಆಚೆ ಎಳೆದುಕೊಂಡ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಚಿಪ್ಪು ಒತ್ತಿ ನೋಡಿದಳು, ಏನು ತಿನ್ನಿಸುತ್ತೀರಿ ಎಂದು ಕೇಳಿದಳು. ರೊಟ್ಟಿಯ ವಿಷಯ ಹೇಳಿದೆ.

"ರೊಟ್ಟಿ? ಆಮಿಗೆ ರೊಟ್ಟಿ ತಿನ್ನಿಸೀರಿ?"

"ನಾ ಅಲ್ಲರೀ. ನಮ್ಮ ಅತ್ತಿ."

"ಪಲ್ಯಾನೂ ಹಾಕ್ತಿದ್ರೇನು?" ಎಂದು ನಕ್ಕಳು. ನಗು ಮುಗಿಸಿ ಕೇಳಿದಳು, "ಇರಲಿ, ಇದನ್ನ ಬಿಸಲಿಗಿ ಇಟ್ಟು ಎಷ್ಟ ವರ್ಷ ಆತ್ರೀ?"

ಗಾಜಿನ ಕಿಟಕಿಯಿಂದ ಬರುವ ಬೆಳಕು ಬಿಸಿಲಲ್ಲ, ಚಿಪ್ಪು ಗಟ್ಟಿಯಾಗಲು ನೇರ ಬಿಸಿಲೇ ಬೇಕು, ಈ ಬೇಸಿಗೆ ಪೂರ್ತಿ ಹೊರಗೆ ಇಡಿ, ಇಲ್ಲದಿದ್ದರೆ ಇದು ಮಳೆಗಾಲ ಕಾಣುವುದಿಲ್ಲ ಎಂದು ಏನೇನೋ ಹೇಳುತ್ತಿದ್ದಳು. ನನ್ನ ಕಿವಿಯಲ್ಲಿ ಅತ್ತೆಯ ಮಾತು ಕೇಳಿಸುತ್ತಿತ್ತು. "ಶಿವಲೀಲಾ, ಎಳಿ ಬಿಸಲಿಗಿ ಕುಂದ್ರಸ ನನ್ನ."

ಅತ್ತೆಯ ಕೋಣೆ ಹಿಂದುಗಡೆ, ಬಡಗು ದಿಕ್ಕಿಗೆ. ವರ್ಷಪೂರ್ತಿ ಬಿಸಿಲು ಬೀಳದ ಕೋಣೆ. ಬೆಳಗಾವಿಯ ಚಳಿಗಾಲ ನಿಮಗೆ ಗೊತ್ತಿದ್ದರೆ ಆ ಕೋಣೆಯೂ ಅರ್ಥವಾದೀತು. ಅಲ್ಲಿಂದ ಮುಂದಿನ ಅಂಗಳಕ್ಕೆ ನಾಲ್ಕು ಮೆಟ್ಟಿಲು. ಅವರನ್ನು ಎತ್ತಿ ಇಳಿಸಲು ಇಬ್ಬರು ಬೇಕು. ಬೆಳಿಗ್ಗೆ ನನಗೆ ಶಾಲೆಯ ಗಡಿಬಿಡಿ, ಯಜಮಾನರಿಗೆ ಆಫೀಸಿನದು. ರವಿವಾರ ಬಟ್ಟೆಯ ರಾಶಿ. "ನಾಳೆ ಕುಂದ್ರಸ್ತೀನ್ರಿ ಅತ್ತಿ" ಎನ್ನುತ್ತಿದ್ದೆ. ಒಂಬತ್ತು ವರ್ಷದಲ್ಲಿ ಎಷ್ಟು ಸಲ ಕೂರಿಸಿದೆ ಎಂದು ಬೆರಳು ಮಡಚಿದರೆ ಒಂದು ಕೈಯ ಬೆರಳುಗಳೂ ಪೂರ್ತಿ ಮಡಚುವುದಿಲ್ಲ. ಊಟ, ಔಷಧ, ಸ್ನಾನ ಯಾವುದಕ್ಕೂ ಒಂದು ದಿನ ಕಮ್ಮಿ ಮಾಡಿದವಳಲ್ಲ ನಾನು. ಓಣಿಯವರೆಲ್ಲ 'ಸೊಸೆ ಅಂದ್ರ ಹಿಂಗಿರಬೇಕು' ಎಂದರು. ಬಿಸಿಲಿನ ಲೆಕ್ಕ ಯಾರೂ ಕೇಳಲಿಲ್ಲ.

ಮನೆಗೆ ಬಂದ ಮೇಲೂ ತಪ್ಪಿಸಿಕೊಳ್ಳುವ ದಾರಿ ಹುಡುಕದೆ ಇರಲಿಲ್ಲ. ನನ್ನ ತವರು ಖಾನಾಪುರ. ಮಲಪ್ರಭೆಯ ಬಂಡೆಗಳ ಮೇಲೆ ಆಮೆಗಳು ಸಾಲಾಗಿ ಬಿಸಿಲು ಕಾಯುವುದನ್ನು ಚಿಕ್ಕಂದಿನಲ್ಲಿ ನೋಡಿದವಳು. 'ಆಮಿ, ಆಮೀ' ಎಂದು ಕಿರುಚಿದರೆ ಪೊಳಕ್ ಪೊಳಕ್ ಎಂದು ಒಂದೊಂದೇ ನೀರಿಗೆ ಬೀಳುತ್ತಿದ್ದವು. ಇವನ್ನೂ ಅಲ್ಲಿಗೇ ಬಿಟ್ಟರಾಯಿತು ಎಂದು ಡಾಕ್ಟರಿಗೆ ಫೋನು ಮಾಡಿದೆ. "ಹಂಗ ಮಾತ್ರ ಮಾಡಬ್ಯಾಡ್ರಿ. ಇವು ನಮ್ಮ ಹೊಳಿವಲ್ಲ. ಅಲ್ಲಿರೂ ಆಮಿಗಳ ಹೊಟ್ಟಿ ಮ್ಯಾಲ ಕಾಲ ಇಡ್ತಾವ" ಎಂದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರಲ್ಲ, ಇವು ಕೊಟ್ಟರೂ ಹೋಗದ ಹೆಣ್ಣುಗಳು.

ಹಾಗಾಗಿ ಅಂಗಳದಲ್ಲಿ ಆಮೆಗಳಿಗೊಂದು ಹೊಂಡ ಕಟ್ಟಿಸಲು ದಸ್ತಗೀರ ಮಾಮಾನನ್ನು ಕರೆಸಿದೆ. ದಸ್ತಗೀರ ಮಾಮಾ ನಮ್ಮ ಮಹಾಂತೇಶ ನಗರದ ಅರ್ಧ ಮನೆಗಳ ಗೋಡೆಗೆ ಸಿಮೆಂಟು ಬಳಿದು ಗಿಲಾಯಿ ಮಾಡಿದ ಗೌಂಡಿ. ಎಪ್ಪತ್ತಾದರೂ ಕರಣಿ ಹಿಡಿದರೆ ಕೈ ನಡುಗುವುದಿಲ್ಲ. ಮನೆಯಲ್ಲಿ ದಖನಿ, ನಮ್ಮ ಜೊತೆ ಕನ್ನಡ, ನೆರೆಮನೆಯ ಸುಮನ್ ವೈನಿಯ ಜೊತೆ ಮರಾಠಿ. ಹೀಗೆ ಮೂರು ಭಾಷೆಯಲ್ಲೂ ಕೆಲಸ ಮುಂದಕ್ಕೆ ಹಾಕಬಲ್ಲ.

"ಹೊಂಡ ಅಂದ್ರ ಯಾವ ನಮೂನಿ ಅಕ್ಕಾರ? ನೀರಿನ ಟಾಕಿ ಗತೆನೋ, ಸಂಡಾಸ ಟಾಕಿ ಗತೆನೋ?"

"ಎರಡೂ ಅಲ್ಲ ಮಾಮಾ. ಆಮಿ ಬಿಸಲು ಕಾಯಾಕ. ಅರ್ಧ ನೀರು, ಅರ್ಧ ಮಣ್ಣು. ಗ್ವಾಡಿ ಒಂದ ಫೂಟು ನೆಲದೊಳಗ ಹೋಗಬೇಕು, ಇಲ್ಲಾಂದ್ರ ಕೆರೆದು ಓಡಿ ಹೋಗ್ತಾವ. ಮ್ಯಾಲ ಜಾಳಗಿ, ಕಾಗಿ ಬೆಕ್ಕು ಬರಬಾರದು."

"ನೆಳ್ಳು?"

"ನೆಳ್ಳು ಬ್ಯಾಡ. ಹನ್ನೆರಡ ವರ್ಷ ನೆಳ್ಳಾಗ ಅದಾವ. ಪೂರಾ ಬಿಸಲು ಬೇಕು."

ಮಾಮಾ ಗಡ್ಡ ಕೆರೆದುಕೊಂಡ. ಏನೋ ಹೇಳಬೇಕೆಂದವನು, ಅಕ್ಕಾರ ಕಲಿತವರು ಎಂದು ಸುಮ್ಮನಾದ ಎಂದು ಕಾಣುತ್ತದೆ.

ಆರು ದಿನ ಕೆಲಸ ನಡೆಯಿತು. ಯಜಮಾನರು ದಿನಪತ್ರಿಕೆ ಹಿಡಿದು ನಿಂತು ಸಲಹೆ ಕೊಟ್ಟರು. ನಿವೃತ್ತರಾದ ಮೇಲೆ ಸಲಹೆಯೊಂದೇ ಅವರ ಪೂರ್ಣಾವಧಿ ಕೆಲಸ. ಏಳನೆಯ ದಿನ ನೋಡಿದರೆ ನನ್ನ ಅಂಗಳದಲ್ಲಿ ಎದ್ದು ನಿಂತದ್ದು ಶುದ್ಧ ತುಳಸಿಕಟ್ಟೆ. ನಾಲ್ಕು ಮೂಲೆಗೆ ಸಿಮೆಂಟಿನ ಕಮಲ, ಅಂಚಿಗೆ ಬಳ್ಳಿ, ಮುಂದೆ ದೀಪ ಇಡುವ ಗೂಡು. ಮೇಲಿನ ಜಾಳಿಗೆ ಒಂದು ಬಿಟ್ಟರೆ ಕಾರ್ತಿಕ ಮಾಸದಲ್ಲಿ ಲಗ್ನ ಮಾಡಲು ತಯಾರಾದಂತಿತ್ತು. ಮಾಮಾನ ಕೈ ಈ ಬಡಾವಣೆಯಲ್ಲಿ ಎಷ್ಟು ತುಳಸಿಕಟ್ಟೆ ಕಟ್ಟಿದೆಯೋ, ಅಂಗಳದಲ್ಲಿ ಮಂಡಿಯುದ್ದದ ಗೋಡೆ ಎಂದರೆ ಅದಕ್ಕೆ ಬೇರೆ ಆಕಾರವೇ ಗೊತ್ತಿಲ್ಲ. ನಮ್ಮದು ಲಿಂಗಪೂಜೆಯ ಮನೆ, ತುಳಸಿಕಟ್ಟೆಯ ರೂಢಿಯೇ ಇಲ್ಲ.

"ಮಾಮಾ, ಈ ಗೂಡು ಯಾಕ?"

"ಆಮಿ ಒಳಗ ಕುಂದರಾಕ ಅಕ್ಕಾರ" ಎಂದ. ಗೂಡು ಹೊರಗೋಡೆಯಲ್ಲಿತ್ತು.

ಆಮೆಗಳನ್ನು ಬಿಟ್ಟ ದಿನವೇ ಸುಮನ್ ವೈನಿ ಹಾಲಿನ ಪಾಕೀಟು ತರಲು ಹೋಗುವಾಗ ಗೇಟಿನಿಂದ ಇಣುಕಿದರು. "ಅಗಬಾಯಿ! ಜಿವಂತ ಕಾಸವ!" ಎಂದವರೇ ಒಳಗೆ ಬಂದು ಜಾಳಿಗೆಯ ಮೇಲೆ ಕೈ ಇಟ್ಟು ಹಣೆಗೆ ಒತ್ತಿಕೊಂಡರು. ನಮ್ಮ ಕಡೆ ಗುಡಿಗಳಲ್ಲಿ ಗರ್ಭಗುಡಿಯ ಎದುರು ನೆಲದಲ್ಲಿ ಕಲ್ಲಿನ ಆಮೆ ಇರುತ್ತದೆ. ಅದಕ್ಕೆ ಕೈ ಮುಟ್ಟಿಸಿಯೇ ಮುಂದೆ ಹೋಗುವುದು. "ಗುಡ್ಯಾಗ ಕಲ್ಲಿಂದಕ್ಕ ಕೈ ಮುಗಿತೀವಿ ಶಿವಲೀಲಾತಾಯಿ, ಇದು ನಡದಾಡತದಲ್ರೀ!" ಮರುದಿನ ಬೆಳಿಗ್ಗೆ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಗಂಗವ್ವನ ಬೆನ್ನಿನ ಮೇಲೆ ಅರಿಶಿನ, ಕುಂಕುಮ. ನೀರು ಕೆಂಪಾಗಿತ್ತು. ಮೂರನೆಯ ದಿನ ಯಾರೋ ಹಾಲು ಎರೆದರು. ಪ್ರತಿ ಸಲವೂ ಹದಿನೈದು ಬಕೆಟ್ ನೀರು ಚೆಲ್ಲಿ ಹದಿನೈದು ಬಕೆಟ್ ತುಂಬಿಸಬೇಕು. ನನ್ನ ಸೊಂಟ ಹೋಯಿತು. ಕೈ ಮುಗಿಯುವವರಿಗೆ ಬೇಡ ಎಂದು ಹೇಳುವ ಚೈತನ್ಯವೂ ನನ್ನಲ್ಲಿ ಉಳಿದಿರಲಿಲ್ಲ. "ಅವ್ವ ಇದ್ದಿದ್ರ ಗೌರವ್ವಗ ಸೀರಿ ಉಡಸ್ತಿದ್ಲು" ಎಂದು ಯಜಮಾನರು ನಕ್ಕರು. ನಾನೂ ನಕ್ಕೆ. ಗೌರವ್ವ ಮಾತ್ರ ಇನ್ನೂ ಏನೂ ತಿಂದಿರಲಿಲ್ಲ.

ಅಲ್ಲಿಯವರೆಗೆ ಅವನ್ನು ಬೆಳಗಿನ ಹೊತ್ತು ಒಂದೆರಡು ತಾಸು ಹೊರಗಿಟ್ಟು ಮತ್ತೆ ಒಳಗೆ ತರುತ್ತಿದ್ದೆ. ಐದನೆಯ ದಿನ, ಏನಾಯಿತೋ, ಇನ್ನಷ್ಟು ಹೊತ್ತು ಇರಲಿ ಅನ್ನಿಸಿತು. ಹೆಚ್ಚು ಬಿಸಿಲು ಬಿದ್ದಷ್ಟೂ ಬೇಗ ಗಟ್ಟಿಯಾದೀತು ಎಂಬ ಆಸೆ. ಒಂಬತ್ತು ವರ್ಷದ ಬಾಕಿ ಒಂದೇ ದಿನಕ್ಕೆ ತೀರಿಸುವ ಅವಸರವೂ ಇರಬಹುದು. ಹನ್ನೆರಡು ಗಂಟೆಗೆ ನೀರು ತುಂಬಿ ಬೆನ್ನು ಹಿಡಿದುಕೊಂಡು ಒಳಗೆ ಬಂದವಳು, ಸ್ವಲ್ಪ ಅಡ್ಡಾಗೋಣ ಎಂದು ಮಲಗಿದೆ. ಯಜಮಾನರು ಬ್ಯಾಂಕಿಗೆ ಹೋಗಿದ್ದರು. ಏಪ್ರಿಲ್ ಕೊನೆಯ ವಾರ.

ಇಲ್ಲಿ ಒಂದು ವಿಷಯ ಹೇಳಬೇಕು. ಅತ್ತೆಗೆ ಏನಾದರೂ ಬೇಕಾದರೆ ಕೂಗುತ್ತಿರಲಿಲ್ಲ. ದನಿ ಸೋತಿತ್ತು. ಸ್ಟೀಲಿನ ಲೋಟವನ್ನು ಮಂಚದ ಅಂಚಿಗೆ ಬಡಿಯುತ್ತಿದ್ದರು. ಟಕ್, ಟಕ್. ಒಂಬತ್ತು ವರ್ಷ ನಾನು ರಜೆಯ ಒಂದು ಮಧ್ಯಾಹ್ನವೂ ಆ ಸದ್ದಿಲ್ಲದೆ ಮಲಗಿದ್ದಿಲ್ಲ. ಅವರು ಹೋದ ಮೇಲೆ ಸದ್ದಿಲ್ಲದ್ದಕ್ಕೇ ನಿದ್ದೆ ಬರುತ್ತಿರಲಿಲ್ಲ. ಆ ದಿನ ಮಾತ್ರ ಕಲ್ಲಿನಂತೆ ಬಿದ್ದುಕೊಂಡೆ.

ಟಕ್, ಟಕ್, ಟಕ್. ಸದ್ದು ಕೇಳಿತು. "ಬಂದ್ನಿರಿ ಅತ್ತಿ, ಒಂದೀಟ ತಡೀರಿ" ಎಂದು ನಿದ್ದೆಗಣ್ಣಿನಲ್ಲೇ ಅಂದು ಮಗ್ಗುಲು ಬದಲಾಯಿಸಿದೆ. ಸದ್ದು ಮತ್ತೆ ಬಂತು. ನಾನು ಮತ್ತೆ "ತಡೀರಿ" ಎಂದೆ. ಆಮೇಲೆ ಸದ್ದು ನಿಂತಿತು. ನಿಂತದ್ದಕ್ಕೆ ಸಮಾಧಾನವೂ ಆಯಿತು. ಅದೇ ಸಮಾಧಾನದಲ್ಲಿ ಇನ್ನೊಂದು ನಿದ್ದೆಗೆ ಜಾರುತ್ತಿದ್ದಾಗ, ಮಂಚವನ್ನೇ ಮಗಳ ಮನೆಗೆ ಕಳಿಸಿ ತಿಂಗಳಾಯಿತಲ್ಲ ಎಂಬುದು ನೆನಪಾಯಿತು.

ಬರಿಗಾಲಲ್ಲಿ ಓಡಿದೆ. ಅಂಗಳದ ಫರಸಿ ಕಾದ ಹೆಂಚಾಗಿತ್ತು. ಕೈ ಅದ್ದಿದರೆ ನೀರು ಸ್ನಾನಕ್ಕೆ ಕಾಯಿಸಿದಷ್ಟು ಬಿಸಿ. ಗಂಗವ್ವ ಮೂಲೆಯ ಮಣ್ಣು ಕೆದರಿ ಅರ್ಧ ಒಳಗೆ ಹುಗಿದುಕೊಂಡಿದ್ದಳು. ಗೌರವ್ವ ಗೋಡೆಗೆ ತಲೆ ಹಚ್ಚಿ ಬಿದ್ದಿದ್ದಳು. ಕುತ್ತಿಗೆ ಹೊರಗೆ, ಬಾಯಿ ತೆರೆದಿದೆ, ಕಣ್ಣು ಮುಚ್ಚಿದೆ. ಗೋಡೆಯ ಗಿಲಾಯಿಯ ಮೇಲೆ ಚಿಪ್ಪು ಬಡಿದ ಗುರುತುಗಳಿದ್ದವು.

ಎತ್ತಿಕೊಂಡು ಎಲ್ಲಿ ಹೋಗಬೇಕೆಂದು ತಿಳಿಯದೆ ನೇರ ಅತ್ತೆಯ ಕೋಣೆಗೆ ಹೋದೆ. ಮನೆಯಲ್ಲಿ ತಣ್ಣಗಿದ್ದದ್ದು ಅದೊಂದೇ. ಡಾಕ್ಟರಿಗೆ ಫೋನು ಮಾಡಿದರೆ, ಫ್ರಿಜ್ಜಿನ ನೀರು ಹಾಕಬೇಡಿ, ಸಾದಾ ನೀರಿನ ಒದ್ದೆ ಬಟ್ಟೆ ಹೊದಿಸಿ, ನಿಧಾನವಾಗಿ ತಣ್ಣಗಾಗಲಿ ಎಂದಳು. "ಬಾಜೂಕ ನೆಳ್ಳು ಇರಬೇಕಂತ ನಾ ಎರಡ ಸಲ ಹೇಳಿದ್ನೆಲ್ರೀ ಅಕ್ಕಾರ" ಎಂದೂ ಅಂದಳು. ಹೇಳಿದ್ದಳೇನೋ. ಆ ದಿನ ನನಗೆ ಬಿಸಿಲು ಎಂಬ ಒಂದೇ ಮಾತು ಕೇಳಿಸಿತ್ತು.

ನೆಲದ ಮೇಲೆ ಕೂತು ಮಡಿಲಲ್ಲಿ ಅದನ್ನಿಟ್ಟುಕೊಂಡು ಬಟ್ಟೆ ಅದ್ದಿ ಅದ್ದಿ ಹೊದಿಸಿದೆ. ಅಳು ಬಂತು. ಅತ್ತೆ ಹೋದ ದಿನ ನನಗೆ ಅಳು ಬಂದಿರಲಿಲ್ಲ, ಅಡುಗೆಗೆ ಎಷ್ಟು ಜನ ಎಂದು ಎಣಿಸುತ್ತಿದ್ದೆ. ಯಜಮಾನರು ಬಂದು ಬಾಗಿಲಲ್ಲಿ ನಿಂತು ನೋಡಿದರು. ಈ ಸಲ ಸಲಹೆ ಕೊಡಲಿಲ್ಲ, ಬಾಜುವಿಗೆ ಕೂತರು.

"ನಾ ಅತ್ತೀನ್ನ ಬಿಸಲಿಗಿ ಕುಂದ್ರಸಲಿಲ್ಲರೀ" ಎಂದೆ.

"ನಾನೂ ಕುಂದ್ರಸಲಿಲ್ಲ" ಎಂದರು. "ನನಗ ಆಕಿ ಅವ್ವ ಅಲ್ಲೇನು?"

ಎಷ್ಟೋ ಹೊತ್ತಿನ ಮೇಲೆ ಗೌರವ್ವನ ಹಿಂಗಾಲೊಂದು ನನ್ನ ಸೀರೆಯನ್ನು ಕೆರೆಯಿತು.

ಸಂಜೆ ದಸ್ತಗೀರ ಮಾಮಾ ಬಂದ. ಸುದ್ದಿ ಸುಮನ್ ವೈನಿಯಿಂದ ಮುಟ್ಟಿತ್ತು. ಕಟ್ಟೆಯ ಸುತ್ತ ಒಂದು ಸುತ್ತು ಹಾಕಿ, "ನಾ ಅವತ್ತ ನೆಳ್ಳು ಅಂದೆ, ನೀವ ಬ್ಯಾಡಂದ್ರಿ. ನನ್ನ ತಪ್ಪೂ ಐತ್ರಿ, ಎರಡನೇ ಸಲ ಕೇಳಬೇಕಿತ್ತು" ಎಂದ. "ಒಂದ ತಗಡಿನ ಪತ್ರಾಸ ಹಾಕೂಣು?"

"ಪತ್ರಾಸ ಕಾಯತದ ಮಾಮಾ. ಹಂಚು ಹಾಕೂಣು" ಎಂದೆ. ಹಾಗೆಂದಾಗ ನನಗೆ ನನ್ನ ಅಪ್ಪ ನೆನಪಾದರು. ನಾಚಿಕೆಯೂ ಆಯಿತು.

ನನ್ನ ಅಪ್ಪ ಖಾನಾಪುರದ ಹಂಚಿನ ಕಾರ್ಖಾನೆಯೊಂದರಲ್ಲಿ ಹಸಿ ಹಂಚು ಒಣಗಿಸುವ ಶೆಡ್ಡಿನ ಮೇಸ್ತ್ರಿ. ಶಾಲೆ ಬಿಟ್ಟ ಮೇಲೆ ನಾನು ಅವರಿಗೆ ಚಹಾ ಒಯ್ಯುತ್ತಿದ್ದೆ. ಒಳಗೆ ಕತ್ತಲು ಕತ್ತಲು, ಒದ್ದೆ ಮಣ್ಣಿನ ವಾಸನೆ, ಸಾಲು ಸಾಲು ಹಂಚು. ಹೊರಗೆ ಇಷ್ಟು ಬಿಸಿಲಿದೆಯಲ್ಲ, ಅಲ್ಲಿ ಇಟ್ಟರೆ ಒಂದೇ ದಿನಕ್ಕೆ ಒಣಗುತ್ತದಲ್ಲ ಎಂದು ಒಮ್ಮೆ ಕೇಳಿದ್ದೆ. ಅಪ್ಪ ಒಂದು ಹಸಿ ಹಂಚು ತಂದು ಬಿಸಿಲಲ್ಲಿಟ್ಟು, ಚಹಾ ಕುಡಿದು ಮುಗಿಸಿ ಸ್ವಲ್ಪ ಹೊತ್ತಿಗೆ ಕರೆದು ತೋರಿಸಿದರು. ಹಂಚು ಸೊಟ್ಟಗಾಗಿ ನಡುವೆ ಕೂದಲೆಳೆಯಷ್ಟು ಸೀಳಿತ್ತು. "ಹಸಿ ಮಣ್ಣಿಗಿ ಬಿಸಲಂದ್ರ ಭಾಳ ಆಶಾ. ಒಮ್ಮಿಗೇ ಕೊಟ್ರ ತಡಕೊಳ್ಳೂದಿಲ್ಲ. ನೆಳ್ಳಾಗ ಇಟ್ಟು ಸಾವಕಾಶ ಒಣಗಸ್ಬೇಕು" ಎಂದಿದ್ದರು. ಇದನ್ನು ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ಕಥೆಯಂತೆ ಹೇಳಿದ್ದೇನೆ. ಹೇಳುವವಳಿಗೆ ಬುದ್ಧಿ ಬರಬೇಕೆಂಬ ನಿಯಮವಿಲ್ಲ.

ಮರುದಿನ ಬಸ್ಸು ಹತ್ತಿ ಖಾನಾಪುರಕ್ಕೆ ಹೋದೆ. ಅಲ್ಲಿ ನನ್ನ ತಮ್ಮ ಹಳೆಯ ಮನೆಗೆ ಸ್ಲ್ಯಾಬು ಹಾಕಿಸಿ ಹಂಚುಗಳನ್ನು ಹಿತ್ತಲಿನಲ್ಲಿ ಪೇರಿಸಿಟ್ಟಿದ್ದ. "ಅಕ್ಕಾ, ಹಂಚು ಯಾವ ಕೆಲಸಕ್ಕ?" ಎಂದ. ಆಮೆಗೆ ಎಂದೆ. ಅವನು ನನ್ನ ಮುಖವನ್ನು ನೋಡಿ, ಹೆಂಡತಿಗೆ ಚಹಾ ಇಡಲು ಹೇಳಿದ. ರಾಶಿಯ ತಳದಲ್ಲಿ ನಾಯಿಮರಿಯ ಹೆಜ್ಜೆಯ ಹಂಚು ಸಿಕ್ಕಿತು. ಇಂಥ ಹಂಚು ಮಾರಾಟಕ್ಕೆ ಹೋಗುವುದಿಲ್ಲ ಎಂದು ಅಪ್ಪ ಮನೆಗೆ ತಂದು ನಮ್ಮ ಅಡುಗೆಮನೆಯ ಮಾಡಿಗೆ ಹೊದಿಸಿದ್ದರು. ಎರಡು ಚೀಲದಲ್ಲಿ ಹಂಚು ತುಂಬಿಕೊಂಡು ಬಸ್ಸಿನಲ್ಲಿ ಬಂದೆ. ಕಂಡಕ್ಟರು ಚೀಲಕ್ಕೂ ಟಿಕೀಟು ಕೊಟ್ಟ.

ಮಾಮಾ ಕಟ್ಟೆಯ ಪಡುವಣ ಅರ್ಧಕ್ಕೆ ಇಳಿಜಾರು ಮಾಡು ಕಟ್ಟಿದ. ಅಡ್ಡಮಳೆ ಬಂದರೆ ನೀರು ಹೊರಹೋಗಲು ಕೊಳವೆ ಇಟ್ಟ. ಕಮಲಗಳನ್ನು ಒಡೆಯಲೇ ಎಂದು ಕೇಳಿದ, ಇರಲಿ ಬಿಡು ಎಂದೆ. ಗೂಡಿನ ದೀಪಕ್ಕೆ ಮಾತ್ರ ಪರವಾನಗಿ, ಕುಂಕುಮ ಹಂಚಿನ ಮೇಲೆ, ಹಾಲು ಮನೆಯಲ್ಲಿ ಎಂದು ಸುಮನ್ ವೈನಿಗೆ ಹೇಳಿದೆ. ಶಾಲೆಯಲ್ಲಿ ಮಾತಾಡುತ್ತಿದ್ದ ದನಿ ಅದು, ಇನ್ನೂ ಇತ್ತು.

ಮೇ ಅರ್ಧ ಕಳೆದ ಮೇಲೆ ಗೌರವ್ವ ಮೆಂತ್ಯದ ಒಂದು ಎಲೆ ತಿಂದಳು. ಮೊನ್ನೆ ಡಾಕ್ಟರು ಮನೆಗೇ ಬಂದು ಚಿಪ್ಪು ಒತ್ತಿ ನೋಡಿ, ಗಟ್ಟಿಯಾಗುತ್ತಿದೆ, ಆದರೆ ಮಳೆಗಾಲ ದಾಟುವವರೆಗೂ ನೋಡಿಕೊಳ್ಳಬೇಕು ಎಂದಳು. ನೋಡಿಕೊಳ್ಳಬೇಕು ಎಂಬ ಮಾತು ಕೇಳಿದರೆ ಈಗಲೂ ನನ್ನ ಸೊಂಟ ಮೊದಲು ನೋಯುತ್ತದೆ. ಈ ಜಾತಿ ಮೂವತ್ತು ವರ್ಷ ಬದುಕುತ್ತದಂತೆ. ನಾನು ಅಷ್ಟು ಬದುಕುವುದಿಲ್ಲ, ಬದುಕುವ ಆಸೆಯೂ ಇಲ್ಲ.

ಅತ್ತೆಯ ಕುರ್ಚಿಯನ್ನು ಹೊರಗೆ ತಂದು ಇಟ್ಟಿದ್ದೇನೆ. ಅವರಿಗೆಂದು ತಂದ ಬೆತ್ತದ ಕುರ್ಚಿ, ಹೆಚ್ಚು ಬಳಸದ್ದರಿಂದ ಹೊಸದರಂತೆಯೇ ಇದೆ. ಪಾದ ಬಿಸಿಲಲ್ಲಿ, ತಲೆ ನೆರಳಲ್ಲಿ ಇಟ್ಟುಕೊಂಡು ಕೂರುತ್ತೇನೆ. ಹೀಗೆ ಕೂತಾಗ ಕಣ್ಣು ಎಳೆಯುತ್ತದೆ. ಈಗಲೂ ಎಳೆಯುತ್ತಿದೆ. ಬಿಸಿಲು ಅಷ್ಟು ಹಿತವಾಗಿದೆ, ಅತ್ತೆ ಯಾಕೆ ಅಷ್ಟು ಕೇಳುತ್ತಿದ್ದರು ಎಂದು ತಿಳಿಯುವಷ್ಟು.

ಟಕ್. ಗೌರವ್ವ ಹಂಚಿನ ಕೆಳಗಿಂದ ಹೊರಬಂದು ಗೋಡೆಗೆ ಚಿಪ್ಪು ತಾಗಿಸುತ್ತಿದ್ದಾಳೆ. ಹಸಿವೆಯೋ, ನೀರು ಬೆಚ್ಚಗಾಯಿತೋ, ಸುಮ್ಮನೆಯೋ, ಯಾರಿಗೆ ಗೊತ್ತು. ಮೊಣಕಾಲು ಏಳಲು ಒಪ್ಪುತ್ತಿಲ್ಲ. ಕುರ್ಚಿಯ ಕೈ ಹಿಡಿದು ಏಳುತ್ತೇನೆ.

"ಬಂದ್ನಿರಿ ಅತ್ತಿ."